ಅಂಗೈಯಷ್ಟು ಜಾಗ

ಬೆಳಿಗ್ಗೆ ಎಂಟೂ ಕಾಲರ ದೋಣಿ
ಬಂದರಿನಿಂದ ಬೆಂಗ್ರೆಗೆ ಅರ್ಧ ಖಾಲಿ ಹೋಗುತ್ತದೆ,
ಬರುವಾಗ ಕಾಲಿಡಲು ಜಾಗ ಇರುವುದಿಲ್ಲ:
ಮೀನಿನವರ ಬರಿ ಬುಟ್ಟಿಗಳು, ಕಾಲೇಜಿನ ಹುಡುಗಿಯರು, ಒಂದು ಸ್ಕೂಟರು,
ನನ್ನ ಸೊಂಟದ ಮೇಲೆ ಸಫ್ವಾನ್.
ಒಂಬತ್ತು ವರ್ಷ. ಹದಿನೇಳು ಕಿಲೋ.
ಮಾತಿಲ್ಲ. ಕಿವಿ ಕೇಳುತ್ತದೋ ಇಲ್ಲವೋ
ದೇರಳಕಟ್ಟೆಯ ಡಾಕ್ಟರರಿಗೂ ಸಂಶಯ.

ಶಾಲೆಯ ಪಟ್ಟಿಯಲ್ಲಿ ನಾನು ‘ಸಹಾಯಕಿ’,
ತಾಯಂದಿರ ಬಾಯಲ್ಲಿ ಸೆವ್ರಿನ್ ಬಾಯಿ.
ನಾಲ್ಕು ವರ್ಷದಿಂದ ಇವನ ಜೊಲ್ಲು ಒರೆಸಿದ್ದೇನೆ,
ಗಂಜಿ ಹಿಸುಕಿ ಉಣಿಸಿದ್ದೇನೆ,
ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದೇನೆ,
ಮರುವಾಯಿ ಬಿಡಿಸಿದ ಹಾಗೆ,
ಆದರೆ ಒಡೆಯದೆ.

ಅವಳು ಬಂದದ್ದು ಆರು ವಾರಕ್ಕೆ.
ಹೆಸರು ಅನೆಕೆ. ಎರಡೇ ದಿನದಲ್ಲಿ ನಮಗೆಲ್ಲ ಅನ್ನಕ್ಕ.
ಹಾಲೆಂಡಿನವಳು. ಅವಳ ಊರು ಸಮುದ್ರಕ್ಕಿಂತ ತಗ್ಗಂತೆ.
“ಹಾಗಾದರೆ ನೀನು ಬೆಂಗ್ರೆಗೇ ಸರಿ” ಅಂದೆ.
ಅರ್ಥ ಆಗಲಿಲ್ಲ, ಆದರೂ ನಕ್ಕಳು.
ಚಿತ್ರದ ಕಾರ್ಡುಗಳನ್ನು ತಂದಿದ್ದಳು: ಸೇಬು, ರೈಲು, ಹಿಮದ ಗೊಂಬೆ.
ಸಫ್ವಾನ್ ಹಿಮದ ಗೊಂಬೆಯ ತಲೆ ಕಚ್ಚಿ
ಮೆತ್ತಗೆ ಮಾಡಿ ಹಿಂದೆ ಕೊಟ್ಟ.
ಎರಡನೇ ವಾರ ಬಚ್ಚಲ ಹಿಂದೆ ನಿಂತು ಅಳುತ್ತಿದ್ದಳು.
ಕಂಡರೂ ಕಾಣದವಳ ಹಾಗೆ ಬಕೆಟ್ ತುಂಬಿಸಿದೆ.
ನಾನು ಅತ್ತು ಮುಗಿಸಿದ್ದು ಮೊದಲ ವರ್ಷವೇ.

ಆಮೇಲೆ ಒಂದು ದಿನ, ನಾನೂ ಬರುತ್ತೇನೆ ಅಂತ ದೋಣಿ ಹತ್ತಿದಳು.
ಬರುವಾಗ ಅವನನ್ನು ನನ್ನಿಂದ ಎತ್ತಿಕೊಂಡು
ನಡು ದೋಣಿಯ ಹಲಗೆಯ ಮೇಲೆ ಇಳಿಸಿಯೇ ಬಿಟ್ಟಳು.
ಮೀನಿನ ನೀರು ಉಂಟು, ಡೀಸೆಲ್ ಉಂಟು,
ಇಳಿಸಬೇಡ ಮಾರಾಯ್ತಿ, ಅಂದೆ.
ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅಂದೆ.

ಕೆಳಗೆ ಎಂಜಿನ್. ಹಲಗೆ ಪೂರ್ತಿ ಡುಗುಡುಗು.
ಅವನ ಮುಷ್ಟಿ ತೆರೆಯಿತು.
ಯಾರೂ ಬಿಡಿಸದೆ.
ಅಂಗೈ ಹಲಗೆಗೆ ಒತ್ತಿ ಕೂತ.
ಅವಳೂ ಆ ಕೊಚ್ಚೆಯಲ್ಲೇ ಕೂತು ಪಕ್ಕದಲ್ಲಿ ತನ್ನ ಅಂಗೈ ಇಟ್ಟಳು.
ಒಬ್ಬರನ್ನೊಬ್ಬರು ನೋಡಲಿಲ್ಲ.
ದಕ್ಕೆಯಲ್ಲಿ ಎಂಜಿನ್ ನಿಂತಾಗ
ಎರಡು ಕೈಗಳೂ ಒಟ್ಟಿಗೇ ಮೇಲೆದ್ದವು,
ಊಟ ಮುಗಿದ ಹಾಗೆ.

ಹೊಟ್ಟೆಕಿಚ್ಚಾಯಿತು. ಪಾಪನಿವೇದನೆಯಲ್ಲಿ ಪಾದ್ರಿಗೆ ಹೇಳಿಲ್ಲ,
ಇಲ್ಲಿ ಹೇಳುತ್ತೇನೆ.
ನಾಲ್ಕು ವರ್ಷ ಒದ್ದೆಯಾಗದ ಹಾಗೆ ಹೊತ್ತೆನಲ್ಲ,
ಅದೇ ತಪ್ಪಾಯಿತೇ?

ಐದನೇ ವಾರದಿಂದ ಹೊಸದೊಂದು ಶುರು ಮಾಡಿದ:
ತನ್ನ ಪಕ್ಕದ ನೆಲವನ್ನು ಎರಡು ಸಲ ತಟ್ಟುವುದು.
ಟೀಚರ್ ಫೈಲಿನಲ್ಲಿ ಬರೆದರು.
ಮನೆಯಲ್ಲಿ ಬೀಡಿ ಕಟ್ಟುವ ಮೊರದ ಪಕ್ಕ ತಟ್ಟಿ
ಎಲೆ ಎಲ್ಲ ಹಾರಿಸಿದನಂತೆ.
“ಇದೆಂತ ಬಾಯಿ, ಹೊಸ ಹಟ?” ಅಂತ ಅವನ ಉಮ್ಮ ರುಕಿಯಾ ಕೇಳಿದಳು.
ಕೂತುಕೋ ಅಂತ, ಅಂದೆ.
ಮರುದಿನ ಅವಳು ಹೇಳಿದಳು:
ನಿನ್ನೆ ಐವತ್ತು ಬೀಡಿ ಕಡಿಮೆ ಬಿತ್ತು.

ಅನ್ನಕ್ಕ ಹೋದಳು. ಶಾಲು ಹೊದಿಸಿದರು, ಫೋಟೋ ತೆಗೆದರು.
ಅವನಿಗೆ ತಾರೀಕು ಹೇಳುವುದು ಹೇಗೆ?

ಸೋಮವಾರ. ಎಂಟೂ ಕಾಲು.
ಈಗ ನಾನೇ ಇಳಿಸುತ್ತೇನೆ ಹಲಗೆಗೆ.
ತಟ್ಟಿದ, ಎರಡು ಸಲ.
ಜಾಗ ಅವಳದಲ್ಲವಾ ಅಂತ
ಚೀಲವನ್ನು ಗಟ್ಟಿ ಹಿಡಿದು ನಿಂತೇ ಇದ್ದೆ.
ದೋಣಿ ವಾಲಿತು. ಮೀನಿನ ವಾರಿಜಕ್ಕ ಬೀಳುವುದನ್ನು ತಪ್ಪಿಸಲು
ಸರಿಯಾಗಿ ಅಲ್ಲೇ ಕೈ ಊರಿದಳು.
ಉಪ್ಪಿಗೆ ಬಿರಿದ ಕೈ, ಉಗುರಲ್ಲಿ ನಿನ್ನೆಯ ಹುರುಪೆ.
ಅವನು ಆ ಕೈಯನ್ನು ನೋಡಿದ. ಮುಖವನ್ನು ನೋಡಲಿಲ್ಲ.
ತನ್ನ ಅಂಗೈಯನ್ನು ಸ್ವಲ್ಪ ಸರಿಸಿ
ಜಾಗ ಮಾಡಿಕೊಟ್ಟ.

ನಾಳೆ ಹಳೇ ಸೀರೆ ಉಟ್ಟು ಬರಬೇಕು.